ಹಲಸಿನ ಮಯಣದ ಮುಂದೆ ನೀರು ಸೋಲುವುದೇಕೆ?

ಪ್ರಶ್ನೆ: ಹಪ್ಪಳಕ್ಕೆಂದು ಹಲಸಿನಕಾಯಿ ಕೊಯ್ಯಲು ಕೂತರೆ ಕೈಗೂ ಮೆಟ್ಟುಕತ್ತಿಗೂ ಮಯಣ (ಹಲಸಿನ ಅಂಟು) ಮೆತ್ತಿಕೊಳ್ಳುತ್ತದೆ. ಕೊಡಗಟ್ಟಲೆ ನೀರಿಗೂ ಜಗ್ಗದ ಅದು ತೆಂಗಿನೆಣ್ಣೆ ತಿಕ್ಕಿದರೆ ಬಿಡುತ್ತದೆ. ಅಣುಗಳ ನಡುವಿನ ಸೆಳೆತ ನೀರಿನಲ್ಲಿ ಜೋರು, ಎಣ್ಣೆಯಲ್ಲಿ ದುರ್ಬಲ ಎನ್ನುತ್ತಾನೆ ಪ್ಲಸ್ ವನ್ ಓದುವ ಮಗ. ಹಾಗಾದರೆ ಗೆಲ್ಲಬೇಕಾದದ್ದು ನೀರಲ್ಲವೇ?
– ಗೃಹಿಣಿ, ಬದಿಯಡ್ಕ

ಉತ್ತರ: ನೀರಿನ ಸೆಳೆತ ಜೋರು ನಿಜ, ಆದರೆ ಅದು ತನ್ನ ಬಳಗದ ಮೇಲೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆಗೆ ತುಸು ಋಣ, ಹೈಡ್ರೋಜನ್ ಕಡೆಗೆ ತುಸು ಧನ ವಿದ್ಯುದಂಶವಿದೆ. ಒಂದರ ಹೈಡ್ರೋಜನ್ ಪಕ್ಕದ್ದರ ಆಕ್ಸಿಜನನ್ನು ಹಿಡಿದುಕೊಳ್ಳುತ್ತದೆ. ಇದು ಹೈಡ್ರೋಜನ್ ಬಂಧ. ಮಯಣದಲ್ಲಿರುವುದು ರಾಳ ಮತ್ತು ರಬ್ಬರಿನಂಥ ಅಣುಗಳು. ಬಹುಪಾಲು ಕಾರ್ಬನ್, ಹೈಡ್ರೋಜನ್. ನೀರಿಗೆ ಹಿಡಿಯಲು ಅಲ್ಲಿ ಧನ, ಋಣದ ತುದಿಗಳೇ ಸಿಗುವುದಿಲ್ಲ.

‘ದುರ್ಬಲ’ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಯಾವ ಅಣುವಿನಲ್ಲೂ ಇಲೆಕ್ಟ್ರಾನುಗಳು ಕ್ಷಣಕಾಲ ಒಂದು ಬದಿಗೆ ವಾಲುತ್ತವೆ, ಪಕ್ಕದ ಅಣುವಿನವನ್ನೂ ವಾಲಿಸುತ್ತವೆ; ಅಷ್ಟರಲ್ಲೇ ಒಂದು ಸಣ್ಣ ಸೆಳೆತ ಹುಟ್ಟುತ್ತದೆ. 1930ರಲ್ಲಿ ಇದನ್ನು ವಿವರಿಸಿದವರು ಭೌತವಿಜ್ಞಾನಿ ಫ್ರಿಟ್ಸ್ ಲಂಡನ್. ಬಿಡಿಯಾಗಿ ಇದು ಕ್ಷುಲ್ಲಕ. ಅಣು ಉದ್ದವಾದಷ್ಟೂ ಕೂಡುತ್ತ ಹೋಗುತ್ತದೆ. ಒಂದೇ ಕಾರ್ಬನ್ನಿನ ಮೀಥೇನ್ ಕುದಿಯುವುದು ಮೈನಸ್ 161 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಂಟು ಕಾರ್ಬನ್ನಿನ ಆಕ್ಟೇನ್ 126ರಲ್ಲಿ, ಅಂದರೆ ನೀರಿಗಿಂತಲೂ ಮೇಲೆ! ಧನುರ್ಮಾಸದ ಬೆಳಗ್ಗೆ ನಿಮ್ಮ ತೆಂಗಿನೆಣ್ಣೆಯ ಬಾಟಲಿ ಕವುಚಿದರೂ ಹನಿ ಬೀಳದಿರುವುದಕ್ಕೆ ಕಾರಣವೂ ಇದೇ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಅಣುಗಳ ನೆಟ್ಟನೆಯ ಕಾರ್ಬನ್ ಸರಪಳಿಗಳು ಒತ್ತೊತ್ತಾಗಿ ಕೂತುಬಿಡುತ್ತವೆ.

ಎಣ್ಣೆಯ ಆ ಸರಪಳಿಗಳು ಮಯಣದ ಅಣುಗಳ ನಡುವೆ ಸಲೀಸಾಗಿ ನುಸುಳುತ್ತವೆ. ಎರಡರದ್ದೂ ಒಂದೇ ಬಗೆಯ ಸೆಳೆತ. ಮಯಣ ಮೆತ್ತಗಾಗಿ ಚರ್ಮವನ್ನು ಬಿಡುತ್ತದೆ. ಹಾಗೆಂದು ಅದು ಬೇರೆ ವಸ್ತುವಾಗುವುದಿಲ್ಲ, ಒರೆಸಿದ ಬಟ್ಟೆಯಲ್ಲಿ ಮಯಣವಾಗಿಯೇ ಇರುತ್ತದೆ. ಸಡಿಲವಾದದ್ದು ಅಣುಗಳ ನಡುವಿನ ಸೆಳೆತ ಮಾತ್ರ. ಅಣುವಿನ ಒಳಗಿನ ಬಂಧದ ತೂಕವೇ ಬೇರೆ: ನೀರಿನ ಆಕ್ಸಿಜನ್–ಹೈಡ್ರೋಜನ್ ಬಂಧ ಕಡಿಯಲು ಮೋಲ್ (ಅಣುಗಳನ್ನೋ ಬಂಧಗಳನ್ನೋ ಎಣಿಸುವ ಒಂದು ನಿಗದಿತ ಸಂಖ್ಯೆ) ಒಂದಕ್ಕೆ ಸುಮಾರು 460 ಕಿಲೋಜೂಲ್ ಬೇಕು, ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ನೀರು ಕುದಿದಾಗ ಬಿಡಿಸಿಕೊಳ್ಳುವುದು ಈ ಎರಡನೆಯದು. ಮಗನನ್ನು ಒಮ್ಮೆ ಕೇಳಿ ನೋಡಿ, ಪರೀಕ್ಷೆಯಲ್ಲಿ ಅನೇಕರು ಎಡವುವುದು ಇಲ್ಲೇ.

ಎಣ್ಣೆಯನ್ನು ಕೊಯ್ಯುವ ಮೊದಲೇ ಕೈಗೂ ಕತ್ತಿಗೂ ಸವರಿಕೊಳ್ಳಿ. ಕೊನೆಗೆ ಹಳೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸಾಬೂನು ಹಾಕಿ: ಅದರ ಅಣುವಿನ ಬಾಲ ಎಣ್ಣೆಯನ್ನು, ತಲೆ ನೀರನ್ನು ಹಿಡಿಯುತ್ತದೆ. ಸೀಮೆಎಣ್ಣೆಯೂ ಮಯಣ ಬಿಡಿಸುತ್ತದೆ, ಆದರೆ ಚರ್ಮದ ಜಿಡ್ಡನ್ನೂ ಹೀರಿ ಕೈ ಒಡೆಸುತ್ತದೆ. ಅದು ಬೇಡ.