ಮನೆ ನೋಡುವುದಾದರೆ ಮಳೆಯ ಕಣ್ಣಲ್ಲಿ ನೋಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮನೆಯವರು ಸಾಗರ ರಸ್ತೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 48,000 ಕೈಗೆ ಬರುತ್ತದೆ. ಮಗಳು ಈ ವರ್ಷ ಒಂದನೇ ಕ್ಲಾಸು. ಹೊಸನಗರದ ಕಡೆ ಹಳ್ಳಿಯಲ್ಲಿದ್ದ ಅತ್ತೆ ಇನ್ನು ಮುಂದೆ ನಮ್ಮ ಜೊತೆಗೇ ಇರುತ್ತಾರೆ. ಅವರಿಗೆ ಮಂಡಿನೋವು. ಈಗಿರುವ ಒಂದು ಕೋಣೆಯ ಮನೆ ಸಾಲುವುದಿಲ್ಲ ಅಂತ ಎರಡು ಮನೆ ನೋಡಿದ್ದೇವೆ.

ಒಂದು, ದುರ್ಗಿಗುಡಿ ಹತ್ತಿರದ ಅಡ್ಡರಸ್ತೆಯಲ್ಲಿ ಹಳೆಯ ಹೆಂಚಿನ ಮನೆ. ಬಾಡಿಗೆ 8,500, ಅಡ್ವಾನ್ಸ್ 50,000. ಎರಡು ಕೋಣೆ, ಜಗಲಿ, ಸಣ್ಣ ಹಿತ್ತಲು ಇದೆ. ಬಚ್ಚಲು, ಸಂಡಾಸು ಮಾತ್ರ ಹಿತ್ತಲಲ್ಲಿ, ಹೊರಗೆ. ನನ್ನ ಶಾಲೆಗೆ ನಡೆದುಕೊಂಡೇ ಹೋಗಬಹುದು. ಇನ್ನೊಂದು, ಸವಳಂಗ ರಸ್ತೆ ಕಡೆ ಹೊಸ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಬಾಡಿಗೆ 15,000, ಮೇಂಟೆನೆನ್ಸ್ 2,000, ಅಡ್ವಾನ್ಸ್ ಒಂದೂವರೆ ಲಕ್ಷ. ಲಿಫ್ಟ್ ಇದೆ, ಎರಡು ಬಾತ್‌ರೂಮ್. ಅಡುಗೆಮನೆ ನೋಡಿದರೆ ಆಸೆಯಾಗುತ್ತದೆ. ನಮ್ಮನೆಯವರು ಹೆಂಚಿನ ಮನೆಯೇ ಸಾಕು ಅನ್ನುತ್ತಾರೆ. ನನಗೆ ಅಪಾರ್ಟ್‌ಮೆಂಟ್ ಮೇಲೆ ಮನಸ್ಸು. ಅಡ್ವಾನ್ಸಿಗೆ ನನ್ನ ಸರ ಅಡ ಇಡಲೂ ಸಿದ್ಧ. ಬಾಡಿಗೆ ಜಾಸ್ತಿ ಕೊಟ್ಟರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸಿ ಟ್ಯಾಕ್ಸ್ ಉಳಿಸಬಹುದು ಅಂತ ಶಾಲೆಯಲ್ಲಿ ಒಬ್ಬರು ಹೇಳಿದರು. ನಾನು ಶೋಕಿ ಮಾಡುತ್ತಿದ್ದೀನಾ?
ಹೆಸರು ಬೇಡ, ಶಿವಮೊಗ್ಗ

ಉತ್ತರ: ಶೋಕಿ ಅಲ್ಲ ತಂಗಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವಳಿಗೆ ಬಚ್ಚಲು ಒಳಗಿರಬೇಕು, ಅಡುಗೆಮನೆ ಅನುಕೂಲವಾಗಿರಬೇಕು ಅನ್ನಿಸುವುದು ಶೋಕಿ ಹೇಗಾಗುತ್ತದೆ? ಹೆಂಚಿನ ಮನೆ ಅಂದ ಕೂಡಲೇ ಕವಿತೆ ಬರೆಯುವವರು ಬಹಳ ಜನ ಇದ್ದಾರೆ. ಅದರಲ್ಲಿ ಹೆಚ್ಚಿನವರು ಆ ಮನೆಯ ನೆಲ ಒರೆಸಿದವರಲ್ಲ.

ಆ ಟ್ಯಾಕ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. ನಿಮ್ಮಿಬ್ಬರ ಸಂಬಳಕ್ಕೆ ಆದಾಯ ತೆರಿಗೆಯೇ ಬರುವುದಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದ ಆದಾಯದವರೆಗೆ ತೆರಿಗೆ ಇಲ್ಲ. ಬಾಡಿಗೆ ರಸೀದಿ ಕೊಟ್ಟು ಎಚ್‌ಆರ್‌ಎ ವಿನಾಯಿತಿ ಕೇಳುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಕಟ್ಟಲೇ ಬೇಕಿಲ್ಲದ ತೆರಿಗೆಯಲ್ಲಿ ಉಳಿಸುವುದಾದರೂ ಏನನ್ನು?

ಸರದ ವಿಷಯಕ್ಕೆ ನನ್ನ ಉತ್ತರ ಒಂದೇ, ಬೇಡ. ಚಿನ್ನ ಅಡ ಇಟ್ಟರೆ ತಿಂಗಳು ತಿಂಗಳು ಬಡ್ಡಿ ಓಡುತ್ತದೆ. ಆ ದುಡ್ಡನ್ನು ತಗೊಂಡು ಹೋಗಿ ಓನರ್ ಹತ್ತಿರ ಬಡ್ಡಿ ಇಲ್ಲದೆ ಇಡುತ್ತೀರಿ. ಮನೆ ಬಿಡುವಾಗ ಅವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆಸ್ಪತ್ರೆ ಖರ್ಚು ಬಂದರೆ ಅಡ ಇಡಲಿಕ್ಕೆ ಆ ಸರ ಪೆಟ್ಟಿಗೆಯಲ್ಲಿ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಮಗು ಇದೆ.

ಇನ್ನು ಬಾಡಿಗೆ. ಒಂದು ಕಡೆ 8,500, ಇನ್ನೊಂದು ಕಡೆ ಮೇಂಟೆನೆನ್ಸ್ ಸೇರಿ 17,000. ಸರಿಯಾಗಿ ಎರಡರಷ್ಟು. ವರ್ಷಕ್ಕೆ 1,02,000 ವ್ಯತ್ಯಾಸ. ಅದರ ಮೇಲೆ ಸವಳಂಗ ರಸ್ತೆಯಿಂದ ಶಾಲೆಗೆ ನಿಮ್ಮ ಓಡಾಟದ ಖರ್ಚು ಬೇರೆ. ಬರುವ 48,000ದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೀ ಮನೆಗೆ ಹೋಗುತ್ತದೆ. ಶಾಲೆ ಫೀಸು, ಅತ್ತೆಯ ಔಷಧಿ, ಊರಿನ ಮದುವೆ ಮುಂಜಿ ಎಲ್ಲ ಉಳಿದದ್ದರಲ್ಲಿ ಆಗಬೇಕು. ಆಗುವುದಿಲ್ಲ ಅಂತಲ್ಲ. ಆದರೆ ತಿಂಗಳ ಇಪ್ಪತ್ತನೇ ತಾರೀಕಿನ ಮೇಲೆ ಆ ಚೆಂದದ ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕುವವರು ನೀವೇ.

ಹಾಗಾದರೆ ಕಣ್ಣು ಮುಚ್ಚಿ ಹೆಂಚಿನ ಮನೆಗೆ ಹೋಗಿ ಅನ್ನಲೂ ಆರೆ. ನಾನು ಅಂಚೆ ಇಲಾಖೆಯಲ್ಲಿದ್ದವಳು. ತೀರ್ಥಹಳ್ಳಿ, ಕೊಪ್ಪ, ಸಾಗರ, ವರ್ಗವಾದಲ್ಲೆಲ್ಲ ಬಾಡಿಗೆ ಮನೆ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಎಲ್ಲ ಮನೆಯೂ ಚೆಂದ. ತೀರ್ಥಹಳ್ಳಿಯ ಒಬ್ಬ ಮನೆ ಮಾಲೀಕರು ನಾವು ಬರುವ ಮುಂಚೆ ಗೋಡೆಗೆಲ್ಲ ಹೊಸ ಬಣ್ಣ ಹೊಡೆಸಿದ್ದರು. ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಬಿಡದೆ ಹೊಡೆಯಿತು ನೋಡಿ, ಬಣ್ಣ ಬುಡದಿಂದ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಗೋಡೆಗೆ ತಾಗಿಸಿಟ್ಟ ಟ್ರಂಕಿನೊಳಗಿನ ಸೀರೆಗೆಲ್ಲ ಬೂಷ್ಟು. ಶಿವಮೊಗ್ಗದಲ್ಲಿ ತೀರ್ಥಹಳ್ಳಿ, ಆಗುಂಬೆಯಷ್ಟು ಮಳೆ ಇಲ್ಲ, ನಿಜ. ಆದರೆ ಹಳೆಯ ಗೋಡೆ ತೇವ ಎಳೆದುಕೊಳ್ಳಲು ಅಷ್ಟು ಮಳೆಯೇನೂ ಬೇಕಾಗಿಲ್ಲ.

ಆದ್ದರಿಂದ ಇನ್ನೊಂದು ಸಲ ಆ ಮನೆಗೆ ಹೋಗಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಬಿಸಿಲು ನೆತ್ತಿಯ ಮೇಲಿರುವಾಗ. ಕಿಟಕಿ ಬಾಗಿಲು ಎಲ್ಲ ಹಾಕಿಸಿ, ಲೈಟ್ ಆರಿಸಿ, ಮೇಲೆ ನೋಡಿ. ಬೆಳಕಿಗೆಂದು ಕೂರಿಸಿದ ಗಾಜಿನ ಹೆಂಚನ್ನು ಬಿಡಿ. ಬೇರೆ ಎಲ್ಲೆಲ್ಲಿ ಬಿಸಿಲಿನ ಎಳೆ ಒಳಗೆ ಇಳಿಯುತ್ತದೋ ಅಲ್ಲೆಲ್ಲ ಜೂನಿನಲ್ಲಿ ಪಾತ್ರೆ ಇಡಬೇಕಾಗುತ್ತದೆ. ಸುಮ್ನೆ ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ, ಯಾವ ಕೋಣೆ, ಯಾವ ಮೂಲೆ ಅಂತ. ಆಮೇಲೆ ಹೆಂಚು ಹೊತ್ತ ಮರಗಳನ್ನು, ಅಂದರೆ ಪಕಾಸು, ರೀಪುಗಳನ್ನು ನೋಡಿ. ಮಣ್ಣಿನ ಗೆರೆ ಮೇಲಕ್ಕೆ ಹತ್ತಿದ್ದರೆ ಗೆದ್ದಲು. ಎಟುಕುವ ಕಡೆ ಬೆರಳ ಗೆಣ್ಣಿನಿಂದ ಬಡಿಯಿರಿ. ಗಟ್ಟಿ ಮರ ಠಣ್ ಅನ್ನುತ್ತದೆ, ಹುಳ ತಿಂದದ್ದು ಬೊಡ್ಡಾಗಿ ಕೇಳುತ್ತದೆ. ಕೊನೆಗೆ ಗೋಡೆಯ ಬುಡ, ನೆಲದಿಂದ ಮಂಡಿ ಎತ್ತರದವರೆಗೆ. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಯಾಕೆ ಅಂತ ಕೇಳಿ.

ಮಾಲೀಕರಿಗಿಂತ ಪಕ್ಕದ ಮನೆಯವರನ್ನು ಕೇಳುವುದು ಒಳ್ಳೆಯದು. ಹಿಂದೆ ಇದ್ದವರು ಯಾಕೆ ಬಿಟ್ಟರು, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಂಗಗಳ ಕಾಟ ಇದೆಯಾ. ಕೊನೆಯದು ತಮಾಷೆಯಲ್ಲ. ಒಂದು ಹಿಂಡು ಹೆಂಚಿನ ಮೇಲೆ ಓಡಿ ಹೋದರೆ ಹಿಂದಿನ ವಾರ ಸರಿ ಮಾಡಿಸಿದ್ದೂ ಹೋಯಿತು.

ಈಗ ಆ ಮನೆಯ ನಿಜವಾದ ತೊಂದರೆಗೆ ಬರೋಣ. ಬಾಡಿಗೆಯೂ ಅಲ್ಲ, ಹೆಂಚೂ ಅಲ್ಲ, ಹಿತ್ತಲ ಬಾಗಿಲಿನಿಂದ ಸಂಡಾಸಿನವರೆಗಿನ ಆ ಏಳೆಂಟು ಹೆಜ್ಜೆ. ಆಶ್ಲೇಷಾ ಮಳೆ ಸುರಿಯುತ್ತಿದೆ, ರಾತ್ರಿ ಎರಡು ಗಂಟೆ, ಕರೆಂಟಿಲ್ಲ. ಹಾಸುಗಲ್ಲಿನ ಮೇಲೆ ಪಾಚಿ. ಮಂಡಿನೋವಿನ ಅತ್ತೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದು ಹೋಗಬೇಕು. ಹೋಗಿ ಕುಕ್ಕರಗಾಲಲ್ಲಿ ಕೂರಬೇಕು. ನಿಮ್ಮನೆಯವರು ಈ ಮನೆಯೇ ಸಾಕು ಅನ್ನುವಾಗ ಇದನ್ನು ಯೋಚಿಸಿದ್ದಾರಾ, ಕೇಳಿ. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ನೀವು ಉಳಿಸಿದ ಒಂದು ಲಕ್ಷ ಎಲ್ಲಿಗೂ ಸಾಲದು.

ಅಪಾರ್ಟ್‌ಮೆಂಟಿನಲ್ಲಿ ಈ ಭಯ ಇಲ್ಲ, ಒಪ್ಪಿದೆ. ಆದರೆ ಅಲ್ಲಿ ಅತ್ತೆಯ ಹಗಲು ಹೇಗೆ ಕಳೆಯುತ್ತದೆ ಅಂತಲೂ ನೋಡಿ. ನೀವು ಮೂವರೂ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನು ಮಾತಾಡಿಸಿ, ಹಿತ್ತಲಲ್ಲಿ ನಾಲ್ಕು ಬಸಳೆ ಬಳ್ಳಿ ಹಬ್ಬಿಸಿ ಬದುಕಿದವರು ಮೂರನೇ ಮಹಡಿಯಲ್ಲಿ ಟಿವಿ ಮುಂದೆ ಕೂರಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಜನರೇಟರ್ ಲಿಫ್ಟಿಗೂ ಇದೆಯಾ, ಬರೀ ಮೆಟ್ಟಿಲ ಲೈಟಿಗಾ? ಅದನ್ನು ಕೇಳಿದ್ದೀರಾ? ಲಿಫ್ಟ್ ನಿಂತರೆ ಅವರು ಇಳಿಯುವ ಹಾಗಿಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಹೆಂಚಿನ ಮನೆ ತಗೊಳ್ಳಿ, ಆದರೆ ಈಗ ಇರುವ ಹಾಗೆ ಬೇಡ. ಮಾಲೀಕರಿಗೆ ಹೀಗೆ ಕೇಳಿ. ಮೃಗಶಿರಾ ಮಳೆ ಶುರುವಾಗುವ ಮುಂಚೆ ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸಬೇಕು. ಹಿತ್ತಲ ಬಾಗಿಲಿನಿಂದ ಬಚ್ಚಲವರೆಗೆ ಶೀಟ್ ಹೊದಿಸಿ, ನೆಲಕ್ಕೆ ಒರಟು ಸಿಮೆಂಟ್ ಮಾಡಿ, ಹಿಡಿದುಕೊಳ್ಳಲು ಒಂದು ಪೈಪ್ ಕೂರಿಸಬೇಕು. ಸಂಡಾಸಿಗೆ ಕುರ್ಚಿ ಥರದ ಕಮೋಡ್ ಹಾಕಬೇಕು. ಖರ್ಚು ಅವರು ಮಾಡಿದರೆ ಒಳ್ಳೆಯದು. ಇಲ್ಲ ಅಂದರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಾಗೆ ಮಾತಾಡಿ. ಎರಡರಲ್ಲಿ ಯಾವುದಾದರೂ ಸರಿ, ಕರಾರುಪತ್ರದಲ್ಲಿ ಬರೆದಿರಲಿ. “ಆಮೇಲೆ ಮಾಡಿಸಿಕೊಡೋಣ ಬಿಡಿ” ಅನ್ನುವ ಮಾತು ದೀಪಾವಳಿಯವರೆಗೂ ಹಾಗೇ ಇರುತ್ತದೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುತ್ತಾರೆ, ಅದೂ ಅದೇ ಪತ್ರದಲ್ಲಿ ಬರಲಿ.

ಮಾಲೀಕರ ಹತ್ತಿರ ಹಳೆಯ ಕರೆಂಟ್ ಬಿಲ್ ಒಂದನ್ನು ಕೇಳಿ ಪಡೆಯಿರಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಎಲ್ಲರಿಗೂ ಪೂರ್ತಿ 200 ಯೂನಿಟ್ ಉಚಿತ ಅಂತ ತಿಳಿದವರು ಇನ್ನೂ ಇದ್ದಾರೆ. ಆ ಮೀಟರಿನಲ್ಲಿ ಹಿಂದೆ ಇದ್ದ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಅದು ದಾಟಿದರೆ ಹೆಚ್ಚಿನದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಹಿಂದೆ ಒಬ್ಬರೇ ಇದ್ದ ಮನೆಯಾದರೆ ಮಿತಿ ಸಣ್ಣದಿರಬಹುದು. ಈಗಿರುವ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು, ಬಿಲ್ಲಿನಲ್ಲಿರುವ ಹೊಸ ಮನೆಯ ಆರ್‌ಆರ್ ಸಂಖ್ಯೆಗೆ ಸೇರಿಸಬೇಕು. ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ಮಾಲೀಕರು ಕಮೋಡ್, ಶೀಟಿಗೆ ಒಪ್ಪಲಿಲ್ಲ ಅಂತಿಟ್ಟುಕೊಳ್ಳಿ. ಆಗ ಆ ಮನೆ ಬಿಟ್ಟುಬಿಡಿ. ಹಾಗಂತ ಅಪಾರ್ಟ್‌ಮೆಂಟಿಗೆ ಓಡಬೇಕಾಗಿಲ್ಲ. ಎರಡರಲ್ಲೇ ಒಂದು ಅಂತ ಯಾರು ಹೇಳಿದ್ದು? ಗೋಪಾಳ, ವಿನೋಬನಗರ, ರವೀಂದ್ರನಗರದ ಕಡೆ ಮಾಲೀಕರು ಮೇಲೆ ಇದ್ದು ಕೆಳಗಿನ ಮನೆ ಬಾಡಿಗೆಗೆ ಕೊಡುವವರಿರುತ್ತಾರೆ. ತಾರಸಿ ಮನೆ, ನೆಲಮಟ್ಟ, ಬಚ್ಚಲು ಒಳಗೆ. ಅಪಾರ್ಟ್‌ಮೆಂಟಿಗೆ ಕೊಡಬೇಕೆಂದಿದ್ದ ದುಡ್ಡಿಗಿಂತ ಕಡಿಮೆಗೇ ಹುಡುಕಿ. ಬ್ರೋಕರ್ ಹತ್ತಿರ ಹೋಗುವ ಮುಂಚೆ ಸಂಜೆ ಹೊತ್ತು ಆ ಬೀದಿಗಳಲ್ಲಿ ಒಂದು ಸುತ್ತು ಹಾಕಿ, ಕಿರಾಣಿ ಅಂಗಡಿಯಲ್ಲಿ ಕೇಳಿ. ನಾವೆಲ್ಲ ಮನೆ ಹುಡುಕಿದ್ದೇ ಹಾಗೆ. ಹೊಳೆ ಬದಿಯ ತಗ್ಗಿನ ಬಡಾವಣೆಯಲ್ಲಿ ಮನೆ ಸಿಕ್ಕಿದರೆ ಮಾತ್ರ 2019ರ ಆಗಸ್ಟಿನಲ್ಲಿ ತುಂಗೆಯ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳದೆ ಅಡ್ವಾನ್ಸ್ ಕೊಡಬೇಡಿ.

ಹೆಂಚಿನ ಮನೆಯೇ ಆಯಿತು ಅಂದರೆ, ಉಳಿಯುವ 8,500ದಲ್ಲಿ ಮೊದಲು ನಿಮಗೊಂದು ವಾಷಿಂಗ್ ಮೆಷಿನ್ ತಗೊಳ್ಳಿ. ಮಳೆಗಾಲದಲ್ಲಿ ನಾಲ್ವರ ಬಟ್ಟೆ ಒಗೆದು ಹಿಂಡುವುದು ಹುಡುಗಾಟವಲ್ಲ. ಅಡುಗೆಮನೆಗೆ ಒಂದು ಒಳ್ಳೆಯ ಕಪಾಟು ಮಾಡಿಸಿ. ಹೆಂಚಿನ ಮನೆ ಸಾಕು ಅಂದವರು ನಿಮ್ಮನೆಯವರು ತಾನೆ? ಉಳಿತಾಯದಲ್ಲಿ ಮೊದಲ ಪಾಲು ನಿಮ್ಮ ಕೆಲಸ ಕಡಿಮೆ ಮಾಡಲು ಅಂತ ಅವರಿಗೆ ಈಗಲೇ ಹೇಳಿಡಿ.

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. 5 ಲಕ್ಷ ಕೊಟ್ಟರೆ 3 ವರ್ಷಕ್ಕೆ ಮನೆ ಭೋಗ್ಯಕ್ಕೆ ಕೊಡುತ್ತೇನೆ, ಬಾಡಿಗೆ ಬೇಡ ಅಂತ ಒಬ್ಬರು ಹೇಳುತ್ತಿದ್ದಾರೆ. 100 ರೂಪಾಯಿ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕಂತೆ. ಹೌದಾ ಅಕ್ಕಾ?
ಓದುಗ, ಸಾಗರ

ಉತ್ತರ: ಸಾಕಾಗುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ, ಅಂದರೆ ಲೀಸ್ ಕರಾರನ್ನು ನೋಂದಾಯಿಸಲೇಬೇಕು. 1908ರ ನೋಂದಣಿ ಕಾಯ್ದೆಯಲ್ಲೇ ಹಾಗಿದೆ. ಬಾಡಿಗೆ ಪತ್ರಗಳನ್ನು 11 ತಿಂಗಳಿಗೆ ಬರೆಯುವುದು ಇದನ್ನು ತಪ್ಪಿಸಲಿಕ್ಕೇ. ಬಾಡಿಗೆಯಲ್ಲಿ ಹೋದರೆ ಒಂದೆರಡು ತಿಂಗಳ ದುಡ್ಡು ಹೋದೀತು. ಭೋಗ್ಯದಲ್ಲಿ ನಿಮ್ಮ ಇಡೀ ಗಂಟು ಅವರ ಕೈಯಲ್ಲಿರುತ್ತದೆ.

ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ಋಣಭಾರ ಪತ್ರ ತೆಗೆಸಿ, ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಅದರಲ್ಲಿ ಎಲ್ಲ ಸಾಲವೂ ಕಾಣುತ್ತದೆ ಅಂತ ನಂಬಬೇಡಿ. ಮನೆಯ ಮೂಲ ಪತ್ರವನ್ನೇ ತೋರಿಸಿ ಅನ್ನಿ. ಪತ್ರ ಬ್ಯಾಂಕಿನಲ್ಲಿ ಅಡ ಇದ್ದರೆ ಅವರ ಹತ್ತಿರ ಇರುವುದು ನಕಲು ಮಾತ್ರ. ಸಾಲ ಕಟ್ಟದೆ ಬ್ಯಾಂಕು ಮನೆ ವಶಕ್ಕೆ ತಗೊಂಡರೆ ನೀವು ಸಾಮಾನು ಹೊರಗಿಟ್ಟುಕೊಂಡು 5 ಲಕ್ಷಕ್ಕೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಅಸಲು ಯಾವುದು, ಜೆರಾಕ್ಸ್ ಯಾವುದು ಅಂತ ನಿಮಗೆ ನಾನು ಹೇಳಿಕೊಡಬೇಕಾ!

ಎಲ್ಲ ಸರಿ ಇದ್ದರೆ ಪತ್ರವನ್ನು ವಕೀಲರಿಂದ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ಸಹಿಯಾದ ಮೇಲೆ ದುಡ್ಡನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಹಾಕಿ. ಮುದ್ರಾಂಕ ಶುಲ್ಕ ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿಕೊಳ್ಳಿ. ನೋಂದಣಿಗೆ ಬರಲು ಅವರು ಒಪ್ಪದಿದ್ದರೆ ಬೇರೆ ಮನೆ ನೋಡಿ.