ಮೂರು ಲೋಟ ನೀರು

ನಾನು ಆಪ್ತಸಲಹೆಗಾರ್ತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. 26 ವರ್ಷದ ಶಿಕ್ಷಕಿ, ಕೊಡಗಿನ ವಿರಾಜಪೇಟೆ ಕಡೆಯವರು. ಎದೆ ಡವಡವ, ಬಾಯಿ ಒಣಗುವುದು, ತರಗತಿಗೆ ಹೋಗಲು ಅಳುಕು ಎಂದು ಬಂದಿದ್ದರು. ಗಾಬರಿಯ ಲಕ್ಷಣವೆಂದು ತೀರ್ಮಾನಿಸಿ ಎರಡು ಭೇಟಿಗಳನ್ನು ಉಸಿರಾಟದ ಅಭ್ಯಾಸದಲ್ಲೇ ಕಳೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ಭೇಟಿಯ ದಿನ ಕಕ್ಕಡದ, ಅಂದರೆ ಕೊಡಗಿನ ಆಟಿ ತಿಂಗಳ ಮಳೆ, ಕಿಟಕಿ ತೆರೆಯಲಾಗದಷ್ಟು ಶೀತ. ಆಕೆ ಮಾತ್ರ ಅರ್ಧ ಗಂಟೆಯಲ್ಲಿ ಮೂರು ಲೋಟ ನೀರು ಕುಡಿದರು. ನಾನು ಕೊಟ್ಟ ಹಾಳೆಯನ್ನು ಕೈಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು. ಹಾಗೆ ಓದುವುದು ನನ್ನ ವಯಸ್ಸಿನವರು. ಮಾತ್ರೆ ಏನಾದರೂ ನುಂಗುತ್ತಿದ್ದೀರಾ ಎಂದೆ. ಮೊದಲ ದಿನವೂ ಕೇಳಿದ್ದೆ, ಇಲ್ಲ ಎಂದಿದ್ದರು. ಈ ಸಲ ಬೆವರು ತಡೆಯುವ ಮಾತ್ರೆಯ ಮಾತು ಬಂತು. ಅಂಥದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಮಳೆಗಾಲದಲ್ಲಿ ಸ್ವೆಟರ್ ಇರುತ್ತದೆ ಮೇಡಂ, ಕಾಣುವುದಿಲ್ಲ. ಬೇಸಿಗೆಯಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ಕೈ ಎತ್ತಿದರೆ ಕಂಕುಳು ಒದ್ದೆಯಾಗಿರುವುದು ಮಕ್ಕಳಿಗೆ ಕಾಣುತ್ತದಲ್ಲ."

ಕೊಡಗಿನ ಚಳಿಯಲ್ಲಿ ಬೆವರೇ ಎಂದು ಮನೆಯವರು ನಕ್ಕಿದ್ದರಂತೆ. ಈ ಬಗೆಯ ಬೆವರಿಗೆ ಸೆಕೆ ಬೇಕಿಲ್ಲ. ಬೆವರು ಗ್ರಂಥಿಗಳನ್ನು ಕೆಣಕುವ ನರಗಳೇ ಅತಿ ಚುರುಕಾಗಿರುತ್ತವೆ.

ಬ್ಯಾಗಿನಿಂದ ಹೊರಬಂದದ್ದು ಗ್ಲೈಕೊಪೈರೊಲೇಟ್ ಮಾತ್ರೆ. ವೈದ್ಯರು ಬರೆದುಕೊಟ್ಟಿದ್ದು ಗೆಳತಿಗೆ. ಒಂದು ಸಾಲದೆಂದು ಇವರು ತಾವೇ ಎರಡು ಮಾಡಿಕೊಂಡಿದ್ದರು. ಆ ಮಾತ್ರೆ ಕಂಕುಳನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಬಾಯಿ ಒಣಗಬಹುದು, ಹತ್ತಿರದ ಅಕ್ಷರ ಮಸುಕಾಗಬಹುದು, ಮಲಬದ್ಧತೆಯಾಗಬಹುದು, ಮೂತ್ರ ಕಟ್ಟಬಹುದು, ಎದೆಬಡಿತ ಏರಬಹುದು. ಬೆವರು ನಿಂತರೆ ಸೆಕೆಯಲ್ಲಿ ಮೈ ತಣಿಯುವ ದಾರಿಯೂ ಮುಚ್ಚುತ್ತದೆ.

ಅಂದೇ ಚರ್ಮವೈದ್ಯರ ಬಳಿ ಕಳಿಸಿದೆ, ಎಷ್ಟು ನುಂಗಿದಿರೆಂದು ಮುಚ್ಚಿಡದೆ ಹೇಳಿ ಎಂದೆ. ಔಷಧದ ವಿಷಯ ಆಪ್ತಸಲಹೆಗಾರರಿಗೇಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಮಾತ್ರೆ ಬರೆಯಲಿಲ್ಲ, ಬಿಡಿಸಲೂ ಇಲ್ಲ. ಆದರೆ ಆಕೆ ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ಸುಮ್ಮನಿರಲಾಗಲಿಲ್ಲ. ಎದೆಯೊಳಗಿನ ನರ ಕತ್ತರಿಸಿಕೊಂಡ ಅನೇಕರಿಗೆ ಬೆವರು ಬೆನ್ನು, ಹೊಟ್ಟೆ, ತೊಡೆಗಳಿಗೆ ಬಿಡಾರ ಬದಲಿಸುತ್ತದೆ, ಕೆಲವರಿಗೆ ಮೊದಲಿಗಿಂತ ಜೋರಾಗಿ. ಬೆವರು ತಡೆಯಲು ಕಂಕುಳಿಗೆ ಕೊಡುವ ಬೊಟಾಕ್ಸ್ ಚುಚ್ಚುಮದ್ದು ನೋಯುತ್ತದೆ, ಕೆಲವು ತಿಂಗಳಿಗೆ ಮತ್ತೆ ಬೇಕು. ಆದರೆ ಅದರ ಪ್ರಭಾವ ತಾನಾಗಿ ಇಳಿಯುತ್ತದೆ. ಇಳಿಯುವಂಥದ್ದನ್ನು ಮೊದಲು ನೋಡಿ ಎಂಬುದು ನನ್ನ ಹಟ.

ವೈದ್ಯರು ಕಂಕುಳಿಗೆ ಹಚ್ಚುವ, ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟರು. ನಾಲ್ಕನೆಯ ದಿನ ನನಗೆ ಫೋನು, ಸಿಟ್ಟಿನಲ್ಲಿ: ಕಂಕುಳು ಉರಿಯುತ್ತಿದೆ. ರೋಮ ತೆಗೆದು, ಸ್ನಾನ ಮಾಡಿ, ಒದ್ದೆ ಚರ್ಮಕ್ಕೇ ಹಚ್ಚಿದ್ದರು. ನೀರಿನೊಂದಿಗೆ ಸೇರಿದರೆ ಅದರಿಂದ ಆಮ್ಲ ಹುಟ್ಟುತ್ತದೆ. ಉರಿ ಆರುವವರೆಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ಮುಂದೆ ಮಲಗುವಾಗ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯಿರಿ ಎಂದೆ.

"ಕಕ್ಕಡದಲ್ಲಿ ಒಣಗಿದ್ದು ಅಂತ ಏನಿದೆ ಮೇಡಂ? ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುತ್ತಿದ್ದೇವೆ."

ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿ ಹಿಡಿಯಿರಿ ಎಂದೆ. ಆ ಕಡೆಯಿಂದ ಮೊದಲ ಬಾರಿ ನಗು ಕೇಳಿಸಿತು. "ಕರೆಂಟು ಹೋಗಿ ಎರಡು ದಿನವಾಯಿತು."