ಜಾಹೀರಾತು ಕೋರ್ಸು ಓದುತ್ತಿದ್ದೇನೆ. ಬೆಂಗಳೂರಿನ ರಾತ್ರಿ ಸುತ್ತಾಟದಿಂದ ಐಡಿಯಾ ಹುಟ್ಟಿಸೋದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೋರ್ಸಿನ ಎರಡನೇ ವರ್ಷ, ಕಾಪಿ (ಜಾಹೀರಾತಿನ ಮಾತು) ಬರೆಯುವ ಕಡೆ ಒಲವು, ವಾರಕ್ಕೆರಡು ರಾತ್ರಿ ಗೆಳೆಯರ ಜೊತೆ ಚರ್ಚ್ ಸ್ಟ್ರೀಟ್, ಇಂದಿರಾನಗರ ಸುತ್ತುತ್ತೀರಿ, ಫೋನ್ ತುಂಬ ಫೋಟೊ. ಆದರೂ ಬೆಳಿಗ್ಗೆ ಬ್ರೀಫ್ (ಯಾವುದರ ಬಗ್ಗೆ, ಯಾರಿಗೆ, ಏನು ಹೇಳಬೇಕು ಅನ್ನುವ ಟಿಪ್ಪಣಿ) ಮುಂದೆ ಕೂತರೆ ಒಂದು ಸಾಲೂ ಹುಟ್ಟುವುದಿಲ್ಲ.

ಹುಟ್ಟದಿರುವುದಕ್ಕೆ ಕಾರಣ, ನೀವು ಬರಿಗೈಲಿ ಹೋಗುತ್ತಿದ್ದೀರಿ. ಸ್ಫೂರ್ತಿ ಹುಡುಕಿಕೊಂಡು ಹೊರಟವರ ಕಣ್ಣಿಗೆ ಬೀಳುವುದು ಚೆಂದ ಕಾಣುವ ವಸ್ತು ಮಾತ್ರ: ನಿಯಾನ್ ಬೋರ್ಡು, ಗೋಡೆ ಚಿತ್ರ, ಮಳೆ ನೀರಿನಲ್ಲಿ ಬಿದ್ದ ಬೆಳಕು. ಅವೇ ಫೋಟೊಗಳು ನಿಮ್ಮ ಕ್ಲಾಸಿನ ಎಲ್ಲರ ಹತ್ತಿರವೂ ಇರುತ್ತವೆ. ಕಾಪಿ ಬರೆಯುವವರಿಗೆ ಬೇಕಾಗಿರುವುದು ಬೇರೆ. ಜನ ದುಡ್ಡು ಬಿಚ್ಚುವ ಒಂದು ನಿಮಿಷ ಮೊದಲು ಏನು ಮಾಡುತ್ತಾರೆ, ಏನು ಅನ್ನುತ್ತಾರೆ, ಯಾರ ಮುಖ ನೋಡುತ್ತಾರೆ, ಅದು.

ಹಾಗಾಗಿ ಮನೆಯಿಂದ ಹೊರಡುವಾಗಲೇ ಜೇಬಿನಲ್ಲಿ ಒಂದು ಬ್ರೀಫ್ ಇರಲಿ. ಕಾಲೇಜಿನದಾದರೂ ಸರಿ, ನೀವೇ ಕಟ್ಟಿಕೊಂಡದ್ದಾದರೂ ಸರಿ. ಒಂದು ರಾತ್ರಿಗೆ ಒಂದು ಬ್ರೀಫ್, ಒಂದು ಜಾಗ, ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಕಣ್ಣು ದಣಿದು, ಕಂಡದ್ದನ್ನೇ ಮತ್ತೆ ಮತ್ತೆ ಬರೆಯುತ್ತೀರಿ. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು, ಇಬ್ಬರಾದರೂ ಪರವಾಗಿಲ್ಲ. ಐದು ಜನ ಆದರೆ ಅದು ಪಾರ್ಟಿ. ನಿಮ್ಮ ಮಾತೇ ನಿಮಗೆ ಕೇಳುತ್ತದೆ, ಪಕ್ಕದ ಟೇಬಲಿನದು ಕೇಳುವುದಿಲ್ಲ. ಪಾರ್ಟಿಗೂ ಹೋಗಿ, ಬೇಡ ಅನ್ನುತ್ತಿಲ್ಲ, ಆದರೆ ಅದನ್ನು ಕೆಲಸದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಹಸಿದ ಹೊಟ್ಟೆಯಲ್ಲಂತೂ ಹೋಗಲೇಬೇಡಿ. ಹಸಿದವರಿಗೆ ಬೀದಿಯಲ್ಲಿ ತಿಂಡಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಬರೆದುಕೊಳ್ಳಲು ಅಂಗೈ ಅಗಲದ ಪಾಕೆಟ್ ಪುಸ್ತಕ, ಒಂದು ಪೆನ್ಸಿಲ್. ಫೋನ್ ತೆಗೆದ ಕೂಡಲೇ ವ್ಯಾಪಾರಿ ಹುಷಾರಾಗುತ್ತಾನೆ, ನೀವು ನೋಟಿಫಿಕೇಶನ್ ನೋಡುತ್ತೀರಿ. ಪ್ರತಿ ಸಾಲಿನಲ್ಲೂ ಮೂರು ಕಡೆ ಜಾಗ ಬಿಡಿ: ಸಮಯ ಮತ್ತು ಸ್ಥಳ, ಕಂಡದ್ದು ಅಥವಾ ಕೇಳಿದ್ದು ಇದ್ದ ಹಾಗೇ, ಕೊನೆಗೆ ‘ಯಾಕೆ?’ ಅಂತ ಖಾಲಿ ಜಾಗ. ಆ ಖಾಲಿಯನ್ನು ಅಲ್ಲೇ ನಿಂತು ತುಂಬಬೇಡಿ, ಮಾರನೇ ಬೆಳಿಗ್ಗೆ ತುಂಬಿ. ಇಪ್ಪತ್ತು ಸಾಲು ಬರೆದರೆ ಮೂರು ಉಳಿದರೆ ಹೆಚ್ಚು. ಗುಣವಾಚಕ ಬರೆಯಬೇಡಿ. ‘ಬಣ್ಣಬಣ್ಣದ ಗದ್ದಲದ ಮಾರುಕಟ್ಟೆ’ ಅನ್ನುವುದರಿಂದ ಯಾವ ಹೆಡ್‌ಲೈನೂ ಹುಟ್ಟುವುದಿಲ್ಲ. ‘ಸೌಂಡ್‌ಬಾಕ್ಸು ಇಪ್ಪತ್ತು ರೂಪಾಯಿ ಬಂತು ಅಂತ ಕೂಗಿತು, ಹೂವಿನಾಕೆ ತಲೆ ಎತ್ತಲಿಲ್ಲ, ದಾರ ಬಿಡಲಿಲ್ಲ’ ಅನ್ನುವುದರಿಂದ ಹುಟ್ಟುತ್ತದೆ.

ಜಾಗಗಳ ವಿಷಯಕ್ಕೆ ಬಂದರೆ ನನ್ನ ಮೊದಲ ಓಟು ಕೆ.ಆರ್. ಮಾರ್ಕೆಟ್ಟಿಗೆ, ಅದೂ ನಸುಕಿನ ನಾಲ್ಕಕ್ಕೆ. ಬೆಂಗಳೂರಿನ ಬೀದಿಗೆ ಮೊದಲ ವಿದ್ಯುತ್ ದೀಪ ಬಂದದ್ದು 1905ರಲ್ಲಿ ಈ ಆಸುಪಾಸಿನಲ್ಲೇ, ಶಿವನಸಮುದ್ರದ ಕರೆಂಟಿನಿಂದ. ರಾತ್ರಿ ವ್ಯಾಪಾರ ನೋಡುವವರಿಗೆ ಇದಕ್ಕಿಂತ ತಕ್ಕ ಜಾಗ ಇಲ್ಲ. ಅಷ್ಟು ಹೊತ್ತಿಗೆ ಮೆಟ್ರೊ ಇನ್ನೂ ಶುರುವಾಗಿರುವುದಿಲ್ಲ, ಆಟೊದಲ್ಲೇ ಹೋಗಬೇಕು. ವಾಪಸು ಬರುವಾಗ ಹಸಿರು ಮಾರ್ಗ ಸಿಗುತ್ತದೆ. ಒಳಗೆ ರಾಶಿ ಹೂವು ಕೆ.ಜಿ. ಲೆಕ್ಕ, ಹೊರಗೆ ಕಟ್ಟಿದ ಹೂವು ಮೊಳ, ಮಾರಿನ ಲೆಕ್ಕ. ಹಬ್ಬಕ್ಕೆ ಮುಂಚಿನ ಎರಡು ದಿನ ಬಿಟ್ಟು ಹೋಗಿ. ವರಮಹಾಲಕ್ಷ್ಮಿ, ಆಯುಧಪೂಜೆ ಸಮಯದಲ್ಲಿ ಯಾರಿಗೂ ಚೌಕಾಸಿ ಮಾಡಲು ಪುರುಸೊತ್ತಿರುವುದಿಲ್ಲ, ನಿಮಗೆ ಬೇಕಾಗಿರುವುದು ಚೌಕಾಸಿಯೇ.

ಒಂದು ಉದಾಹರಣೆ ಪೂರ್ತಿ ಬಿಡಿಸುತ್ತೇನೆ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ಮಾರುವವರ ಕೈ ಗಿಡ್ಡವಾದರೆ ಮೊಳವೂ ಗಿಡ್ಡ. ಹೂವಿನ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ‘ಅಮ್ಮಾ, ಸರಿಯಾಗಿ ಅಳೀರಿ, ಅಷ್ಟೇನಾ ಮೊಳ?’ ಅನ್ನುವ ಮಾತು ಒಂದಲ್ಲ ಒಂದು ಬಾಯಿಂದ ಬಂದೇ ಬರುತ್ತದೆ. ಕೊನೆಗೆ ಹೂವಿನಾಕೆ ಬೆರಳ ತುದಿಯಾಚೆ ಎರಡು ಗಂಟು ಜಾಸ್ತಿ ಬಿಟ್ಟು ಕತ್ತರಿಸುತ್ತಾಳೆ, ಕೊಂಡಾಕೆ ಗೆದ್ದ ಮುಖದಲ್ಲಿ ಹೋಗುತ್ತಾಳೆ. ಇದು ಬರೀ ಗಮನಿಸಿದ್ದು, ಇನ್ನೂ ಇನ್‌ಸೈಟ್, ಅಂದರೆ ಜನ ಹಾಗೆ ಯಾಕೆ ಮಾಡುತ್ತಾರೆ ಅನ್ನುವ ಒಳನೋಟ, ಆಗಿಲ್ಲ. ‘ಯಾಕೆ?’ ಜಾಗದಲ್ಲಿ ಬರೆಯಬೇಕಾದದ್ದು: ಕಣ್ಣೆದುರು ಅಳೆಯುವ ಇಪ್ಪತ್ತು ರೂಪಾಯಿಗೆ ಜಗಳ ಆಡುವ ನಾವು, ಕಣ್ಣಿಗೆ ಕಾಣದ ಅಳತೆಗೆ ಸುಮ್ಮನೆ ಸಹಿ ಹಾಕುತ್ತೇವೆ.

ಈಗ ನಿಮ್ಮ ಬ್ರೀಫು ಸಾಲ ಕೊಡುವ ಒಂದು ಆ್ಯಪ್, ಬಡ್ಡಿ ಲೆಕ್ಕ ಮುಚ್ಚಿಡುವುದಿಲ್ಲ ಅನ್ನುವುದು ಅದರ ಮಾತು ಅಂತಿಟ್ಟುಕೊಳ್ಳಿ. ಮೊದಲು ಕೈಗೆ ಬರುವ ಸಾಲು ‘ಪಾರದರ್ಶಕ ಬಡ್ಡಿ, ನಿಶ್ಚಿಂತ ಬದುಕು’. ಇದು ಯಾವ ಬ್ಯಾಂಕಿನ ಗೋಡೆಗಾದರೂ ಅಂಟುತ್ತದೆ, ಹರಿದುಹಾಕಿ. ಎರಡನೆಯದು ‘ಮೊಳ ಹಾಕುವ ಕೈ ಯಾರದು?’ ಕೇಳಲು ಚೆನ್ನಾಗಿದೆ, ಆದರೆ ಒಗಟು. ಸಾಲದ ಸುಳಿವೇ ಇಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಇಲ್ಲೇ ನಿಂತು ಖುಷಿಪಡುತ್ತಾರೆ. ಮೂರನೆಯದು: ‘ಹೂವಿನ ಮೊಳಕ್ಕೆ ಜಗಳ ಆಡ್ತೀರಿ. ಬಡ್ಡಿಯ ಮೊಳ ನೋಡಿದ್ದೀರಾ?’ ಈಗ ಎರಡೂ ಕಡೆ ಕಾಲಿಟ್ಟಿದೆ. ಚಿತ್ರಕ್ಕೆ ಅಕ್ಕಪಕ್ಕ ಎರಡು ಮಲ್ಲಿಗೆ ದಂಡೆ, ಒಂದು ಉದ್ದ, ಒಂದು ಗಿಡ್ಡ, ಎರಡಕ್ಕೂ ‘1 ಮೊಳ’ ಅಂತ ಚೀಟಿ. ಈ ಚಿತ್ರ ಬಂದ ಮೇಲೆ ಹೆಡ್‌ಲೈನಿನ ಮೊದಲ ವಾಕ್ಯವನ್ನು ಕಿತ್ತುಹಾಕಿದರೂ ನಡೆಯುತ್ತದೆ. ಕಿತ್ತು ನೋಡಿ.

ಇನ್‌ಸೈಟ್ ಹೌದೋ ಅಲ್ಲವೋ ತಿಳಿಯಲು ಒಂದೇ ಪರೀಕ್ಷೆ ಸಾಕು. ನಿಮ್ಮ ಕೋರ್ಸಿಗೆ ಸಂಬಂಧವೇ ಇಲ್ಲದ ಒಬ್ಬರಿಗೆ, ಅತ್ತೆಗೋ ಪಿ.ಜಿ. ಓನರಿಗೋ, ಆ ಮಾತು ಹೇಳಿ. ‘ಹೌದಲ್ವಾ, ನಮ್ಮನೇಲೂ ಹಾಗೇ’ ಅಂದರೆ ಪಾಸು. ‘ಚೆನ್ನಾಗಿದೆ ಕಣೋ’ ಅಂದರೆ ಫೇಲು.

ವಿ.ವಿ. ಪುರಂ ತಿಂಡಿ ಬೀದಿಗೆ ಎಲ್ಲರೂ ಹೋಗುತ್ತಾರೆ, ಆದರೆ ತಪ್ಪು ಹೊತ್ತಿನಲ್ಲಿ ತಪ್ಪು ಜಾಗದಲ್ಲಿ ನಿಲ್ಲುತ್ತಾರೆ. ಏಳೂವರೆಗೆ ದೋಸೆ ಕಲ್ಲಿನ ಮುಂದೆ ನಿಂತರೆ ಸಿಗುವುದು ರೀಲ್ಸ್ ಮಾಡುವವರು. ಹತ್ತರ ಮೇಲೆ, ಪಾರ್ಸೆಲ್ ಕಟ್ಟಿಸುವವರ ಪಕ್ಕ ನಿಲ್ಲಿ. ತಿಂದು ಮುಗಿಸಿ, ಸಾಕಪ್ಪಾ ಅಂತ ಹೊಟ್ಟೆ ಸವರಿಕೊಂಡವರೇ ‘ಎರಡು ಹೋಳಿಗೆ ಕಟ್ಟಿ’ ಅನ್ನುತ್ತಾರೆ. ಅದು ಅವರ ಹೊಟ್ಟೆಗಲ್ಲ, ಲೇಟಾಗಿ ಮನೆಗೆ ಹೋಗುವುದಕ್ಕೆ ಕಟ್ಟುವ ದಂಡ. ‘ಹನ್ನೊಂದಕ್ಕೂ ಬಾಗಿಲು ತೆಗೆಸುವ ಪೊಟ್ಟಣ’ ಅನ್ನುವ ಸಾಲನ್ನು ಯಾವ ಸಿಹಿ ಅಂಗಡಿಯ ಡಬ್ಬಿ ಮೇಲಾದರೂ ಮುದ್ರಿಸಬಹುದು, ಡಬ್ಬಿಯೇ ಜಾಹೀರಾತಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಅವರೆಕಾಯಿ ಸುಗ್ಗಿ. ಆ ಕಾಲದಲ್ಲಿ ಒಂದೇ ಕಾಳನ್ನು ಎಷ್ಟು ಹೆಸರಿಟ್ಟು ಮಾರುತ್ತಾರೆ ಅಂತ ಬೋರ್ಡುಗಳನ್ನು ಬರೆದುಕೊಳ್ಳಿ.

ಇನ್ನು ಟ್ರಾಫಿಕ್ ಸಿಗ್ನಲ್ ಬಗ್ಗೆ. ಹೊರಾಂಗಣ ಜಾಹೀರಾತಿಗೆ ಆರೇಳು ಪದ ಮೀರಬಾರದು ಅಂತ ನಿಮಗೆ ಪಾಠ ಆಗಿರುತ್ತದೆ. ಓಡುವ ಕಾರಿನಿಂದ ನೋಡುವ ಹೋರ್ಡಿಂಗಿಗೆ ಆ ಲೆಕ್ಕ ಸರಿ. ಆದರೆ ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸುಗಳನ್ನು ಕಿತ್ತರು, ಬಿಬಿಎಂಪಿ ಹೋರ್ಡಿಂಗ್ ನಿಷೇಧಿಸಿತು. ಜಾಹೀರಾತಿನವರ ಕಣ್ಣೆಲ್ಲ ಬಸ್ ತಂಗುದಾಣ, ಸ್ಕೈವಾಕ್, ಬಸ್ಸು ಮತ್ತು ಆಟೊ ಬೆನ್ನಿನ ಕಡೆ ತಿರುಗಿತು. ಸಿಗ್ನಲ್ಲಿನಲ್ಲಿ ಒಂದು ಆಟೊ ಹಿಂದೆ ಸಿಕ್ಕಿಕೊಂಡವರು ಎರಡು ನಿಮಿಷ ಅದನ್ನೇ ಓದುತ್ತಾರೆ. ಅಲ್ಲಿಗೆ ನಲವತ್ತು ಪದದ ಕಾಪಿಯೂ ನಡೆಯುತ್ತದೆ, ಅಕ್ಷರ ಹಿಂದಿನವರಿಗೆ ಓದಲು ಬರುವಷ್ಟು ದೊಡ್ಡದಿದ್ದರೆ. ‘ತಾಯಿಯ ಆಶೀರ್ವಾದ’, ‘ನೋಡಿ ಉರ್ಕೋಬೇಡಿ’ ಥರದ ಸಾಲುಗಳನ್ನು ನಗಾಡಿ ಬಿಡಬೇಡಿ. ಆಟೊದವನು ಸ್ವಂತ ದುಡ್ಡು ಕೊಟ್ಟು ಹಾಕಿಸಿದ ಸಾಲು ಅದು, ಕ್ಲೈಂಟೂ ಅವನೇ, ಕಾಪಿರೈಟರೂ ಅವನೇ. ಮಧ್ಯಾಹ್ನ ಯಾವುದಾದರೂ ರೇಡಿಯಂ ಸ್ಟಿಕ್ಕರ್ ಕಟಿಂಗ್ ಅಂಗಡಿಗೆ ಹೋಗಿ, ಈ ತಿಂಗಳು ಜಾಸ್ತಿ ಕತ್ತರಿಸಿದ ಸಾಲು ಯಾವುದು ಅಂತ ಕೇಳಿ. ಜನರ ಮನಸ್ಸಿನಲ್ಲಿ ಏನಿದೆ ಅನ್ನುವ ಸಮೀಕ್ಷೆ ಪುಕ್ಕಟೆ ಸಿಗುತ್ತದೆ.

ಮಾತು ಕದ್ದು ಕೇಳುವುದಕ್ಕೆ ಮೆಟ್ರೊ ದಂಡ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ರಾತ್ರಿ ಒಂಬತ್ತರ ಬಿಎಂಟಿಸಿ ಸಾದಾ ಬಸ್ಸೇ ವಾಸಿ. ಮಾತಿನ ಲಯ ಕಲಿಯಲು ಜೆ.ಪಿ. ನಗರದ ರಂಗಶಂಕರ, ಸಂಜೆ ನಾಟಕ ಏಳೂವರೆಗೆ ಅಂದರೆ ಏಳೂವರೆಗೇ, ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಟ್ರಾಫಿಕ್ಕಿನ ಕಾರಣ ಅಲ್ಲಿ ನಡೆಯದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಬಹಳಷ್ಟು ಕಾರ್ಯಕ್ರಮಗಳಿಗೆ ದುಡ್ಡಿಲ್ಲ. ಪಬ್ಬುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಸಂಗೀತ ಜೋರು, ಏನೂ ಕೇಳಿಸುವುದಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಕ್ಯಾಬ್ ಕಾಯುವವರ ಮಾತು ಮಾತ್ರ ಬಂಗಾರ.

ಬೋರ್ಡುಗಳಿಗೆ ಒಂದು ಪೂರ್ತಿ ರಾತ್ರಿ ಮೀಸಲಿಡಿ, ಮುಖ್ಯವಾಗಿ ನೀವು ಕನ್ನಡದಲ್ಲಿ ಬರೆಯುವವರಾದರೆ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅವಸರದಲ್ಲಿ ಬದಲಾಯಿಸಿದ ಬೋರ್ಡುಗಳಲ್ಲಿ ಏನಾಗಿದೆ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿಸಿದ ಡಬ್ಬಿಯಲ್ಲಿ ಕನ್ನಡ ತುರುಕಿದಾಗ ‘ವಸ್ತ್ರಾಲಯ’ದ ಸ್ತ್ರದಂಥ ಜೋಡಿ ಒತ್ತು ಕೆಳಗೆ ತುಂಡಾಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ನಿಮ್ಮ ಲೇಔಟಿನಲ್ಲಿ ಅದೇ ಆಗಬಾರದು ಅಂದರೆ ಸಾಲಿನ ಅಂತರ ಅಕ್ಷರ ಗಾತ್ರದ ಒಂದೂವರೆ ಪಟ್ಟಿನಿಂದ ಶುರು ಮಾಡಿ, ಒತ್ತಕ್ಷರ ಕಮ್ಮಿ ಇದ್ದರೆ ಮಾತ್ರ ಇಳಿಸಿ. ಅನೆಕ್ ಕನ್ನಡ, ಬಲೂ ತಮ್ಮ, ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಎಲ್ಲ ಗೂಗಲ್ ಫಾಂಟ್ಸಿನಲ್ಲಿ ಉಚಿತ. ಹೆಡ್‌ಲೈನಿಗೆ ಮೊದಲೆರಡು, ಬಾಡಿ ಕಾಪಿಗೆ ಕೊನೆಯೆರಡು ನನ್ನ ಆಯ್ಕೆ. ಅಕ್ಷರ ಒಡೆದು ಒತ್ತುಗಳೆಲ್ಲ ಪಕ್ಕಕ್ಕೆ ಬಿದ್ದರೆ ಫಾಂಟ್ ಬೈಯಬೇಡಿ. ಫೋಟೊಶಾಪಿನ ಹಳೆ ಆವೃತ್ತಿಗಳಾದರೆ ಟೈಪ್ ಪ್ರಿಫರೆನ್ಸಿನಲ್ಲಿ ವರ್ಲ್ಡ್-ರೆಡಿ ಲೇಔಟ್, ಇಲಸ್ಟ್ರೇಟರಿನಲ್ಲಿ ಶೋ ಇಂಡಿಕ್ ಆಪ್ಷನ್ಸ್ ಆನ್ ಮಾಡಿ. ಮೊದಲೇ ಟೈಪ್ ಮಾಡಿದ್ದ ಬಾಕ್ಸು ತಾನಾಗಿ ಸರಿಹೋಗುವುದಿಲ್ಲ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಕಂಪೋಸರ್ ಬದಲಿಸಬೇಕು. ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಆದ ಪಠ್ಯ ಸಿಕ್ಕಿದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ.

ರಾತ್ರಿ ಬೋರ್ಡಿನ ಫೋಟೊ ತೆಗೆದಾಗ ಅಕ್ಷರವೆಲ್ಲ ಬೆಳ್ಳಗೆ ಕರಗಿದರೆ, ಪರದೆಯಲ್ಲಿ ಅಕ್ಷರದ ಮೇಲೇ ಒತ್ತಿ ಹಿಡಿದು ಬೆಳಕು ಇಳಿಸಿ. ಕಪ್ಪು ಪಟ್ಟೆ ಬರುತ್ತಿದ್ದರೆ ಅದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಹಾಗಾಗಿ ಪ್ರೊ ಮೋಡಿನಲ್ಲಿ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ. ಅಕ್ಷರ ಓಡುವ ಎಲ್‌ಇಡಿ ಬೋರ್ಡಿಗೆ ಇನ್ನೂ ನಿಧಾನ, 1/30. ಮನುಷ್ಯರ ಮುಖ ಬರುವುದಾದರೆ ಕೇಳಿ ತೆಗೆಯಿರಿ. ಪೋರ್ಟ್‌ಫೋಲಿಯೊಗೆ (ಕೆಲಸ ಕೇಳುವಾಗ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹಕ್ಕೆ) ಹಾಕುವುದಾದರೆ ಅದನ್ನೂ ಹೇಳಿ ಕೇಳಿ.

ಮಾರನೇ ಬೆಳಿಗ್ಗೆಯ ಕೆಲಸ ತಪ್ಪಿಸಿದರೆ ರಾತ್ರಿಯದೆಲ್ಲ ನೀರಲ್ಲಿ ಹೋಮ. ‘ಯಾಕೆ?’ ತುಂಬಿ, ಉಳಿದ ಮೂರರಲ್ಲಿ ಒಂದನ್ನು ಹಿಡಿದು ಮೂವತ್ತು ಹೆಡ್‌ಲೈನ್ ಬರೆಯಿರಿ, ನಲವತ್ತು ನಿಮಿಷದೊಳಗೆ. ಮೊದಲ ಹತ್ತು ಎಲ್ಲರಿಗೂ ಹೊಳೆಯುವಂಥವು, ನಡುವಿನ ಹತ್ತು ಪನ್ನು, ಪ್ರಾಸ. ಇಪ್ಪತ್ತರ ಆಚೆ ಕೈ ಸೋತು ನೇರ ಮಾತಿಗೆ ಬರುತ್ತದೆ, ಬೇಕಾದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ರೆಫರೆನ್ಸ್ ಅಂತ ಪ್ರಶಸ್ತಿ ಬಂದ ಜಾಹೀರಾತುಗಳನ್ನು ನೋಡುವುದು ಇದಾದ ಮೇಲೆ. ಮೊದಲೇ ನೋಡಿದರೆ ಕೈ ಅದನ್ನೇ ಬರೆಯುತ್ತದೆ. ಆಮೇಲೆ ನೋಡಿದರೆ ಇದನ್ನು ಯಾರಾದರೂ ಮಾಡಿಬಿಟ್ಟಿದ್ದಾರಾ ಅಂತ ತಿಳಿಯುತ್ತದೆ. ನೋಡುವಾಗ ದುಡ್ಡು, ಸಮಯದ ಕೊರತೆಯೇ ಎಲ್ಲಿ ಕೆಲಸಕ್ಕೆ ಬಂದಿದೆ ಹುಡುಕಿ. 2009ರ ಐಪಿಎಲ್ ಹೊತ್ತಿನ ವೊಡಾಫೋನ್ ಜಾಹೀರಾತಿನ ಬಿಳಿ ಗೊಂಬೆಯಂಥ ಜೂಜೂಗಳನ್ನು ಅನಿಮೇಷನ್ ಅಂದುಕೊಂಡವರೇ ಹೆಚ್ಚು. ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್ ಅದನ್ನು ಬಿಳಿ ಉಡುಪಿನೊಳಗೆ ಮನುಷ್ಯರನ್ನು ನಿಲ್ಲಿಸಿ ಚಿತ್ರೀಕರಿಸಿತ್ತು.

ಪೋರ್ಟ್‌ಫೋಲಿಯೊಗೆ ಐದಾರು ಕ್ಯಾಂಪೇನ್ ಸಾಕು, ಒಂದೊಂದರಲ್ಲಿ ಮೂರು ಜಾಹೀರಾತು. ಮೂರನೆಯದು ಹುಟ್ಟದಿದ್ದರೆ ಐಡಿಯಾ ಬಡವಾಗಿದೆ ಅಂತ ಅರ್ಥ, ಬಿಟ್ಟುಬಿಡಿ. ಒಂದಾದರೂ ಉದ್ದ ಕಾಪಿ ಇರಲಿ, ಇನ್ನೂರು ಪದದ್ದು. ಪಾಕೆಟ್ ಪುಸ್ತಕದ ಎರಡು ಪುಟದ ಫೋಟೊವನ್ನೂ ಕ್ಯಾಂಪೇನಿನ ಪಕ್ಕ ಹಾಕಿ, ಸಂದರ್ಶನದಲ್ಲಿ ಕ್ರಿಯೇಟಿವ್ ಡೈರೆಕ್ಟರುಗಳು ಹೆಚ್ಚು ಹೊತ್ತು ಮಾತಾಡುವುದು ಆ ಪುಟಗಳ ಬಗ್ಗೆಯೇ.

ಖರ್ಚು: ಮೆಟ್ರೊ ಒಂದು ಕಡೆಗೆ 2025ರ ದರದಲ್ಲಿ ಹತ್ತರಿಂದ ತೊಂಬತ್ತು ರೂಪಾಯಿ, ತಿಂಡಿ ಕಾಫಿಗೆ ನೂರೈವತ್ತು. ಕೊನೆಯ ರೈಲು ಸುಮಾರು ಹನ್ನೊಂದಕ್ಕೆ, ಸ್ಟೇಷನ್ನಿನ ಬೋರ್ಡಿನಲ್ಲಿ ನಿಮ್ಮ ದಿಕ್ಕಿನ ಸಮಯ ನೋಡಿಕೊಂಡೇ ಹೊರಗೆ ಬನ್ನಿ. ತಪ್ಪಿದರೆ ಆಟೊ; ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿನ ಒಂದೂವರೆ ಪಟ್ಟು ಕೊಡಬೇಕಾದದ್ದು ನಿಯಮವೇ, ಅದರ ಮೇಲೆ ಕೇಳಿದರೆ ಮಾತ್ರ ಚೌಕಾಸಿ ಮಾಡಿ.